ಕಾಗೆ ಕೂತಾಗ ಬಿದ್ದ ತಾಳೆ ಹಣ್ಣು

ವೇದಸಂದೂರಲ್ಲಿ ನನ್ನದು ಮೋಟಾರು ವೈಂಡಿಂಗ್ ಅಂಗಡಿ. ಸುತ್ತಲಿನ ಊರುಗಳಲ್ಲಿ ಬೋರಿನ ಮೋಟಾರು ಸುಟ್ಟರೆ ನನ್ನ ಹತ್ತಿರ ಬರುತ್ತೆ. ಹಳೇ ಕಾಯಿಲ್ ಕಿತ್ತು, ಹೊಸ ತಾಮ್ರದ ತಂತಿ ಸುತ್ತಿ, ವಾರ್ನಿಷ್ ಹಾಕಿ ಒಣಗಿಸಿ ಕೊಡೋದು ಇಪ್ಪತ್ತೈದು ವರ್ಷದಿಂದ ಮಾಡ್ತಿರೋ ಕೆಲಸ. ಬರೆಯೋದು ನನ್ನ ಕೆಲಸವಲ್ಲ. ಮನೆಯಲ್ಲಿ ಕನ್ನಡ ಆಡ್ತೀವಿ, ಶಾಲೆಯಲ್ಲಿ ಕಲಿತದ್ದು ತಮಿಳು. ಕನ್ನಡ ಅಕ್ಷರ ನನಗೆ ಹತ್ತಿದ್ದೇ ಈ ವಾಚನಾಲಯದ ಬೆಂಚಿನ ಮೇಲೆ. ಇಲ್ಲಿಯವರು "ನಿಮ್ಮ ತಂಗಿ ವಿಷಯ ಬರೀರಿ, ನಾಲ್ಕು ಜನಕ್ಕೆ ಉಪಯೋಗ ಆಗುತ್ತೆ" ಅಂದಾಗ ನಾನು ಮೊದಲು ತಂಗಿಯನ್ನ ಕೇಳಿದೆ. ಅವಳು ಅಂದ್ಲು: "ಬರಿ ಅಣ್ಣ. ಆದ್ರೆ ನೀನು ಮಾಡಿದ್ದನ್ನೂ ಬರಿ."

ಅದಕ್ಕೇ ಎರಡನ್ನೂ ಬರೀತಿದೀನಿ.

2013ರ ಬೇಸಿಗೆ. ತಂಗಿಗೆ ಆಗ ಇಪ್ಪತ್ತೊಂಬತ್ತು ವರ್ಷ, ಮಗಳಿಗೆ ಮೂರು. ಸ್ಪಿನ್ನಿಂಗ್ ಮಿಲ್ಲಿನ ಆಫೀಸಲ್ಲಿ ಲೆಕ್ಕ ಬರೀತಿದ್ಲು. ಒಂದು ಬೆಳಗ್ಗೆ "ಅಣ್ಣ, ಎಡಗಣ್ಣಲ್ಲಿ ಹೊಗೆ ತುಂಬಿದಂಗೈತೆ, ಕಣ್ಣು ತಿರುಗಿಸಿದ್ರೆ ನೋಯ್ತೈತೆ" ಅಂದ್ಲು. ಎರಡು ದಿನದಲ್ಲಿ ಆ ಕಣ್ಣಿಗೆ ಕೆಂಪು ಬಣ್ಣ ಬೂದಿಯಾಗಿ ಕಾಣತೊಡಗಿತು. ಮದುರೆಯ ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋದೆ. ಕಣ್ಣಿನ ನರ ಊದಿಕೊಂಡಿದೆ ಅಂದರು. ಮೂರು ದಿನ ಡ್ರಿಪ್ಪಿನಲ್ಲಿ ಸ್ಟೆರಾಯ್ಡ್ ಕೊಟ್ಟರು. ಮೆದುಳಿನ ಸ್ಕ್ಯಾನ್ ಮಾಡಿಸಿ ಅಂತ ಚೀಟಿ ಬರೆದರು. ದುಡ್ಡು ನೋಡಿ ಆ ಚೀಟಿಯನ್ನ ನಾನು ಅಂಗಡಿಯ ಡ್ರಾಯರಿಗೆ ಹಾಕಿದೆ.

ಮನೆಗೆ ಬಂದ ಮೇಲೆ ಅವ್ವ ದಿನಾ ಹೊನಗೊನ್ನೆ ಸೊಪ್ಪು ಮಾಡಿ ತಿನ್ನಿಸಿದಳು. ಕಣ್ಣಿಗೆ ಹೊನಗೊನ್ನೆ ಅನ್ನೋದು ನಮ್ಮ ಕಡೆ ಎಲ್ಲರಿಗೂ ಗೊತ್ತಲ್ಲ. ಜೊತೆಗೆ ಪಳನಿಗೆ ಹರಕೆ. ಆರು ವಾರದಲ್ಲಿ ದೃಷ್ಟಿ ಹೆಚ್ಚುಕಮ್ಮಿ ಪೂರ್ತಿ ವಾಪಸ್ ಬಂತು. ಅವ್ವ ಬೀದಿಗೆಲ್ಲ ಸೊಪ್ಪಿನ ಮಹಿಮೆ ಹೇಳಿದಳು. ನಾನು ಡ್ರಿಪ್ಪಿನ ಮಹಿಮೆ ಹೇಳಿದೆ. ತಂಗಿ ಪಳನಿಗೆ ಹೋಗಿ ಮುಡಿ ಕೊಟ್ಟು ಬಂದಳು.

ಬಹಳ ವರ್ಷ ಆದ ಮೇಲೆ ತಿಳಿದ ಸಂಗತಿಯೊಂದನ್ನ ಇಲ್ಲೇ ಹೇಳಿಬಿಡ್ತೀನಿ. ಇಂಥದೇ ಕಣ್ಣಿನ ನರದ ಊತ ಬಂದ 457 ಜನರ ಮೇಲೆ ಅಮೆರಿಕದಲ್ಲಿ ಒಂದು ಪರೀಕ್ಷೆ ನಡೆದಿತ್ತು. 1992ರಲ್ಲಿ ಫಲ ಪ್ರಕಟವಾಯ್ತು. ಕೆಲವರಿಗೆ ಡ್ರಿಪ್ಪಿನಲ್ಲಿ ಸ್ಟೆರಾಯ್ಡ್, ಕೆಲವರಿಗೆ ಸ್ಟೆರಾಯ್ಡ್ ಮಾತ್ರೆ, ಕೆಲವರಿಗೆ ಮದ್ದೇ ಇಲ್ಲದ ಬರೀ ಮಾತ್ರೆ. ಡ್ರಿಪ್ ಹಾಕಿಸಿಕೊಂಡವರಿಗೆ ದೃಷ್ಟಿ ಬೇಗ ಬಂತು. ಆದರೆ ಆರು ತಿಂಗಳಾದ ಮೇಲೆ ನೋಡಿದರೆ, ಬರೀ ಮಾತ್ರೆ ನುಂಗಿದವರಲ್ಲೂ ಹೆಚ್ಚಿನವರಿಗೆ ಹತ್ತಿರಹತ್ತಿರ ಅಷ್ಟೇ ದೃಷ್ಟಿ ಬಂದಿತ್ತು. ಅಂದರೆ ಆ ಕಣ್ಣು ಬಹುಮಟ್ಟಿಗೆ ತಾನೇ ಸರಿಹೋಗುವಂಥದು. ಅವ್ವನ ಸೊಪ್ಪೂ ಸರಿ, ನನ್ನ ಡ್ರಿಪ್ಪೂ ಸರಿ, ನಾವು ಕೊಟ್ಟಷ್ಟು ಹೆಸರಿಗೆ ಎರಡೂ ಬಾಧ್ಯ ಅಲ್ಲ. ಕಾಗೆ ಬಂದು ಕೂರೋ ಹೊತ್ತಿಗೇ ತಾಳೆ ಹಣ್ಣು ಬಿತ್ತು ಅಂತಾರಲ್ಲ, ಹಾಗೆ.

ಇದು ಆಗ ಗೊತ್ತಿದ್ದರೆ ಮುಂದಿನದು ನಡೆಯುತ್ತಿರಲಿಲ್ಲವೇನೋ.

ಎರಡು ವರ್ಷ ಆದ ಮೇಲೆ, 2015ರಲ್ಲಿ, ತಂಗಿಯ ಎರಡೂ ಪಾದ ಮರಗಟ್ಟಿದವು. ಚಪ್ಪಲಿ ಕಳಚಿ ಬಿದ್ದರೂ ಅವಳಿಗೆ ಗೊತ್ತಾಗುತ್ತಿರಲಿಲ್ಲ. ಮರಗಟ್ಟೋದು ಮೇಲೇರುತ್ತಾ ಸೊಂಟಕ್ಕೆ ಬಂತು. ಈ ಸಲ ಸಾಲ ಮಾಡಿ ಸ್ಕ್ಯಾನ್ ಮಾಡಿಸಿದೆ. ಮೆದುಳಲ್ಲೂ ಬೆನ್ನುಹುರಿಯಲ್ಲೂ ಬಿಳಿ ಚುಕ್ಕೆಗಳು. ಒಂದು ಆಸ್ಪತ್ರೆಯ ಡಾಕ್ಟರು ಫೈಲು ನೋಡುತ್ತಲೇ "ಮಲ್ಟಿಪಲ್ ಸ್ಕ್ಲೆರೋಸಿಸ್, ಪೂರ್ತಿ ವಾಸಿ ಮಾಡೋ ಮದ್ದಿಲ್ಲ, ಇಂಜೆಕ್ಷನ್ ತಗೊಳ್ತಾ ಇರಬೇಕು" ಅಂದರು. ಐದು ನಿಮಿಷ. ಹೊರಗೆ ಅರವತ್ತು ಜನ ಕಾಯ್ತಿದ್ದರು, ಅವರನ್ನೂ ದೂರಲಾರೆ. ಆದರೆ ನಾವು ಅಲ್ಲಿಂದ ಹೊತ್ತುಕೊಂಡು ಬಂದದ್ದು ಒಂದೇ ಮಾತು: ವಾಸಿ ಮಾಡೋ ಮದ್ದಿಲ್ಲ.

ಕಾಯಿಲೆ ಏನು ಅಂತ ನನಗೆ ಅರ್ಥವಾದದ್ದು ನನ್ನ ಕೆಲಸದಿಂದಲೇ. ವೈಂಡಿಂಗ್ ತಂತಿ ಬರೀ ತಾಮ್ರ ಅಂತ ನೋಡಿದವರು ಅಂದುಕೊಳ್ತಾರೆ. ಅದರ ಮೇಲೆ ತೆಳ್ಳಗೆ ಎನಾಮೆಲ್ ಲೇಪ ಇರುತ್ತೆ. ಆ ಲೇಪ ಎದ್ದುಹೋದರೆ ತಂತಿ ತುಂಡಾಗದೆ ಇದ್ದರೂ ಕರೆಂಟು ದಾರಿ ತಪ್ಪುತ್ತೆ. ನಮ್ಮ ಮೆದುಳು, ಕಣ್ಣಿನ ನರ, ಬೆನ್ನುಹುರಿಯ ಎಳೆಗಳ ಮೇಲೂ ಮಯಲಿನ್ ಅಂತ ಒಂದು ಲೇಪ ಇದೆ. ರೋಗದಿಂದ ಕಾಪಾಡಬೇಕಾದ ನಮ್ಮ ಮೈಯ ಕಾವಲುಪಡೆಯೇ ತಪ್ಪು ತಿಳಿದು ಆ ಲೇಪವನ್ನ ಕಡಿಯೋದು ಈ ಕಾಯಿಲೆ. ಎಲ್ಲಿ ಕಡಿಯಿತೋ ಅಲ್ಲಿಯ ಕೆಲಸ ಕೆಡುತ್ತೆ: ಇವತ್ತು ಕಣ್ಣು, ನಾಳೆ ಕಾಲು, ಇನ್ನೊಂದು ದಿನ ಮೂತ್ರ. ಪ್ಯಾರಿಸ್ಸಿನ ಶಾರ್ಕೋ ಅನ್ನೋ ವೈದ್ಯ 1868ರಲ್ಲೇ ಇದನ್ನ ವಿವರಿಸಿ ಹೆಸರಿಟ್ಟಿದ್ದ. ಹೆಚ್ಚಾಗಿ ಇಪ್ಪತ್ತರಿಂದ ನಲವತ್ತು ವರ್ಷದೊಳಗೆ ಶುರುವಾಗುತ್ತೆ. ಗಂಡಸರಿಗಿಂತ ಹೆಂಗಸರಿಗೆ ಎರಡು ಮೂರು ಪಟ್ಟು ಹೆಚ್ಚು.

ಇದರ ಸ್ವಭಾವದಲ್ಲಿ ಒಂದು ವಿಷಯ ಎಲ್ಲಕ್ಕಿಂತ ಮುಖ್ಯ. ನೂರಕ್ಕೆ ಸುಮಾರು 85 ಜನರಲ್ಲಿ ಇದು ಬಂದು ಹೋಗುವ ಕಾಯಿಲೆಯಾಗಿ ಶುರುವಾಗುತ್ತೆ. ಒಂದು ದಾಳಿ, ಕೆಲವು ವಾರ ನರಳಾಟ, ಆಮೇಲೆ ಇಳಿಮುಖ. ಲೇಪ ಸ್ವಲ್ಪಮಟ್ಟಿಗೆ ತಾನೇ ಮತ್ತೆ ಕಟ್ಟಿಕೊಳ್ಳುತ್ತೆ. ತಿಂಗಳು, ವರ್ಷ ಸುಮ್ಮನಿದ್ದು ಮತ್ತೆ ದಾಳಿ. ಪ್ರತಿ ದಾಳಿಯೂ ಒಂದಿಷ್ಟು ಕಿತ್ತುಕೊಂಡು ಹೋಗಬಹುದು. ಆದರೆ ದಾಳಿ ಮುಗಿದು ಇಳಿಯೋ ಹೊತ್ತಿಗೆ ಯಾವ ಮದ್ದು ಕೈಯಲ್ಲಿತ್ತೋ ಅದಕ್ಕೇ ಹೆಸರು.

ಇಂಜೆಕ್ಷನ್ ಶುರು ಮಾಡಿದೆವು. ಇಂಟರ್ಫೆರಾನ್ ಅಂತ ಅದರ ಹೆಸರು. ತಿಂಗಳ ಖರ್ಚು ನನ್ನ ಅಂಗಡಿಯ ತಿಂಗಳ ಸಂಪಾದನೆಯನ್ನ ಮೀರುತ್ತಿತ್ತು. ಭಾವ ಎಮ್ಮೆ ಮಾರಿದರು, ನಾನು ಚೀಟಿ ಎತ್ತಿದೆ. ಚುಚ್ಚಿಕೊಂಡ ರಾತ್ರಿ ತಂಗಿಗೆ ಜ್ವರ, ಚಳಿ, ಮೈಕೈ ನೋವು. ಬೆಳಗ್ಗೆ ಎದ್ದರೆ ಕಾಲು ಮೊದಲಿದ್ದ ಹಾಗೇ. "ಈ ಇಂಜೆಕ್ಷನ್ನು ಜ್ವರ ಬಿಟ್ಟು ಬೇರೆ ಏನೂ ಕೊಡ್ತಿಲ್ಲ ಅಣ್ಣ" ಅಂತಿದ್ಲು. ನನಗೂ ಹಾಗೇ ಅನ್ನಿಸಿತು. ಆ ಮದ್ದು ಆಗಿಹೋದ ಹಾನಿಯನ್ನ ಸರಿಮಾಡೋದಕ್ಕಲ್ಲ, ಮುಂದೆ ಬರುವ ದಾಳಿಯನ್ನ ಕಡಿಮೆ ಮಾಡೋದಕ್ಕೆ ಅಂತ ಯಾರೂ ನಮಗೆ ಬಿಡಿಸಿ ಹೇಳಿರಲಿಲ್ಲ. ಬಾರದೇ ಹೋದ ದಾಳಿ ಯಾರ ಕಣ್ಣಿಗೂ ಕಾಣೋದಿಲ್ಲ.

ಅಷ್ಟರಲ್ಲಿ ಸುದ್ದಿ ಹರಡಿತ್ತು. ಲಕ್ವ ಹೊಡೆದಿದೆ ಅಂತ ಒಬ್ಬರು, ಮಾಟ ಅಂತ ಇನ್ನೊಬ್ಬರು. ಪಾರಿವಾಳದ ಬಿಸಿ ರಕ್ತ ಸವರಿ ಅಂದವರು ಒಬ್ಬರು. ಕೊಡೈಕಾನಲ್ ಬೆಟ್ಟದ ಜೇನುನೊಣ ಹಿಡಿಸಿ ಬೆನ್ನಿಗೆ ಚುಚ್ಚಿಸಿ ಅಂದವರು ಇನ್ನೊಬ್ಬರು. ಯಾರೂ ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಇದು ನಮ್ಮ ಕಡೆ ಅಪರೂಪದ ಕಾಯಿಲೆ, ಆದ್ದರಿಂದ ಯಾರಿಗೂ ಪರಿಚಯ ಇರಲಿಲ್ಲ. ಮಂಗಳೂರಿನ ನರರೋಗ ತಜ್ಞೆ ಡಾ. ಲೇಖಾ ಪಂಡಿತ್ ಅವರ ತಂಡ 2014ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ಆ ನಗರದಲ್ಲಿ ಲಕ್ಷ ಜನಕ್ಕೆ ಸುಮಾರು 8 ಮಂದಿಗೆ ಇದು ಇದೆ. ಯೂರೋಪಿನ ಹಲವು ದೇಶಗಳಲ್ಲಿ ಲಕ್ಷಕ್ಕೆ ನೂರು ದಾಟುತ್ತೆ.

ಈಗ ನಾನು ಮಾಡಿದ್ದು.

2017ರಲ್ಲಿ, ಅಂಗಡಿಗೆ ಬಂದ ಗಿರಾಕಿಯೊಬ್ಬರು ಬೆಟ್ಟದ ಬುಡದ ಒಂದೂರಿನ ನಾಟಿ ವೈದ್ಯರ ವಿಷಯ ಹೇಳಿದರು. ತಂಗಿಯನ್ನ ಕಾರು ಮಾಡಿಕೊಂಡು ಕರೆದುಕೊಂಡು ಹೋದೆ. ಆ ಮನುಷ್ಯರ ಬಗ್ಗೆ ಒಳ್ಳೆಯದನ್ನೂ ಹೇಳಬೇಕು. ಒಂದು ಗಂಟೆ ಕೂತು ಅವಳ ಮಾತು ಕೇಳಿದರು. ಪಾದವನ್ನ ತೊಡೆಯ ಮೇಲೆ ಇಟ್ಟುಕೊಂಡು ಬೆರಳು ಬೆರಳಾಗಿ ಒತ್ತಿ ನೋಡಿದರು. ಊಟ, ನಿದ್ದೆ, ಮುಟ್ಟು, ದುಃಖ ಎಲ್ಲ ವಿಚಾರಿಸಿದರು. ವಾಪಸ್ ಬರುವಾಗ ತಂಗಿ "ಇಷ್ಟು ದಿನಕ್ಕೆ ಒಬ್ರು ನನ್ನ ಕಾಲು ಮುಟ್ಟಿ ನೋಡಿದ್ರು" ಅಂತ ಅತ್ತಳು.

ಅವರು ಕೊಟ್ಟದ್ದು ಒಂದು ಎಣ್ಣೆ, ಒಂದು ಬೂದು ಬಣ್ಣದ ಪುಡಿ, ವಾರಕ್ಕೆರಡು ಸಲ ಹಬೆ. ಪುಡಿಯಲ್ಲಿ ಏನಿದೆ ಅಂತ ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಪಥ್ಯ ಕಠಿಣ: ಹುಳಿ ಬೇಡ, ಬದನೆ ಬೇಡ, ಇಂಗ್ಲಿಷ್ ಮದ್ದು ಬೇಡ. "ಎರಡೂ ಸೇರಿದ್ರೆ ವಿಷ ಆಗ್ತದೆ" ಅಂದರು. ತಂಗಿ ನನ್ನ ಮುಖ ನೋಡಿದಳು. "ಏನಣ್ಣ ಮಾಡಾನ?" ಅಂದ್ಲು. ಇಂಜೆಕ್ಷನ್ನಿನ ಸಾಲ, ಅವಳ ರಾತ್ರಿ ಜ್ವರ, ವಾಸಿ ಮಾಡೋ ಮದ್ದಿಲ್ಲ ಅನ್ನೋ ಆ ಮಾತು, ಎಲ್ಲ ನನ್ನ ತಲೆಯಲ್ಲಿತ್ತು. ಮುಳುಗೋನಿಗೆ ಹುಲ್ಲುಕಡ್ಡಿ. "ನಿಲ್ಲಿಸಿಬಿಡು" ಅಂತ ಹೇಳಿದವನು ನಾನೇ.

ನಾಲ್ಕು ತಿಂಗಳು ಚೆನ್ನಾಗಿತ್ತು. ಜ್ವರ ಇಲ್ಲ, ಮುಖದಲ್ಲಿ ಗೆಲುವು. ನಾನು ಗಿರಾಕಿಗಳಿಗೆಲ್ಲ ಆ ವೈದ್ಯರ ವಿಳಾಸ ಬರೆದುಕೊಟ್ಟೆ. ಎಷ್ಟು ಜನಕ್ಕೆ ಕೊಟ್ಟೆನೋ ಲೆಕ್ಕವಿಲ್ಲ, ಅದು ಈಗಲೂ ಚುಚ್ಚುತ್ತೆ. ಒಂದೇ ತೊಂದರೆ ಅಂದರೆ ಹಬೆ ತೆಗೆದುಕೊಂಡ ದಿನ ಅವಳ ಕಾಲು ಬಟ್ಟೆಯಂತೆ ಜೋಲುತ್ತಿತ್ತು, ಕಣ್ಣು ಮತ್ತೆ ಮಸುಕಾಗುತ್ತಿತ್ತು. ಮೈ ಆರಿದ ಮೇಲೆ ಸರಿಯಾಗುತ್ತಿತ್ತು. ವೈದ್ಯರು "ರೋಗ ಹೊರಗೆ ಬರ್ತಿದೆ" ಅಂದರು. ಲೇಪ ಎದ್ದ ನರ ಶಾಖಕ್ಕೆ ಇನ್ನೂ ಸೋಲುತ್ತೆ, ಜ್ವರ ಬಂದರೂ, ಬಿಸಿಲಲ್ಲಿ ನಡೆದರೂ ಹೀಗಾಗುತ್ತೆ. ಮೈ ದಣಿದಾಗ ಇಂಥವರ ಕಣ್ಣು ಮಸುಕಾಗೋದನ್ನ ಊಟ್‌ಹಾಫ್ ಅನ್ನೋ ಜರ್ಮನ್ ಕಣ್ಣಿನ ವೈದ್ಯ 1890ರಲ್ಲೇ ಬರೆದಿಟ್ಟಿದ್ದಾನಂತೆ. ರೋಗ ಹೊರಗೆ ಬರುತ್ತಿರಲಿಲ್ಲ. ನಾವೇ ಕಾಸು ಕೊಟ್ಟು ಅವಳಿಗೆ ಶಾಖ ಕೊಡಿಸುತ್ತಿದ್ದೆವು.

ಐದನೇ ತಿಂಗಳ ಕೊನೆಯಲ್ಲಿ ಒಂದು ಬೆಳಗ್ಗೆ ಅವಳು ಹಾಸಿಗೆಯಿಂದ ಏಳಲಾಗಲಿಲ್ಲ. ಎಡಗಾಲು ಅಲ್ಲಾಡಲಿಲ್ಲ. ಮೂತ್ರ ಕಟ್ಟಿತು. ಆಸ್ಪತ್ರೆಯಲ್ಲಿ ಹನ್ನೊಂದು ದಿನ. ಕಾಲಿಗೆ ಶಕ್ತಿ ಬಂತು, ಪೂರ್ತಿ ಬರಲಿಲ್ಲ. ಇವತ್ತಿಗೂ ಎಡಪಾದ ನೆಲಕ್ಕೆ ತೀಡುತ್ತೆ. ನನ್ನ ಅಂಗಡಿಯ ಸಿಮೆಂಟು ನೆಲದ ಮೇಲೆ ಅವಳು ನಡೆದು ಬಂದರೆ ತಿರುಗಿ ನೋಡದೆಯೇ ಅವಳೇ ಅಂತ ಗೊತ್ತಾಗುತ್ತೆ.

ಇಂಜೆಕ್ಷನ್ ನಿಲ್ಲಿಸದಿದ್ದರೆ ಆ ದಾಳಿ ಬರುತ್ತಲೇ ಇರಲಿಲ್ಲ ಅಂತ ನಾನು ಹೇಳಲಾರೆ. ಮದ್ದು ತಗೊಂಡವರಿಗೂ ದಾಳಿ ಬರುತ್ತೆ. ನಿಲ್ಲಿಸಿದ್ದರಿಂದಲೇ ಬಂತು ಅಂದರೆ ಅದೂ ಕಾಗೆ, ತಾಳೆ ಹಣ್ಣಿನ ಲೆಕ್ಕವೇ ಆಗಿಬಿಡುತ್ತೆ. ಆದರೆ ಬರೋ ಸಾಧ್ಯತೆಯನ್ನ ಕಡಿಮೆ ಮಾಡೋ ಒಂದು ತಡೆ ಅವಳಿಗಿತ್ತು. ಅದನ್ನ ಕೈಯಾರೆ ತೆಗೆಸಿದವನು ನಾನು. ಇಷ್ಟು ನಿಜ.

ಆಮೇಲೆ ಬೆಂಗಳೂರಿನ ನೆಂಟರ ಮನೆಯಲ್ಲಿದ್ದುಕೊಂಡು ನಿಮ್ಹಾನ್ಸ್‌ಗೆ ಹೋದೆವು. ಅಲ್ಲಿಯ ಡಾಕ್ಟರಮ್ಮ ಕನ್ನಡದಲ್ಲಿ ಮಾತಾಡಿದರು. ಅಷ್ಟು ವರ್ಷ ಕಾಯಿಲೆಯ ವಿಷಯ ಇಂಗ್ಲಿಷ್ ಬೆರೆತ ತಮಿಳಿನಲ್ಲಿ ಕೇಳಿದ್ದ ತಂಗಿ ಮೊದಲ ಸಲ ಮನೆಮಾತಲ್ಲಿ ಕೇಳಿದಳು, ಮೊದಲ ಸಲ ತಿರುಗಿ ಪ್ರಶ್ನೆ ಹಾಕಿದಳು. ಅವರು ಮೊದಲು ಇನ್ನೊಂದು ರಕ್ತಪರೀಕ್ಷೆ ಮಾಡಿಸಿದರು. ನ್ಯೂರೋಮೈಲೈಟಿಸ್ ಆಪ್ಟಿಕಾ ಅಂತ ಇದೇ ವೇಷದ ಇನ್ನೊಂದು ಕಾಯಿಲೆ ಇದೆಯಂತೆ. ಅದೂ ಕಣ್ಣಿಗೂ ಬೆನ್ನುಹುರಿಗೂ ಬರುತ್ತೆ, ಆದರೆ ಇದಕ್ಕೆ ಕೊಡೋ ಇಂಟರ್ಫೆರಾನ್ ಅದಕ್ಕೆ ಕೆಡುಕು ಮಾಡುತ್ತೆ. ಎರಡನ್ನೂ ಬೇರೆ ಮಾಡಿ ತೋರಿಸೋ ರಕ್ತಪರೀಕ್ಷೆ ಬಂದದ್ದೇ 2004ರಿಂದ ಈಚೆಗೆ. ತಂಗಿಗೆ ಅದಲ್ಲ ಅಂತ ಖಚಿತ ಮಾಡಿಕೊಂಡ ಮೇಲೆಯೇ ಮದ್ದಿನ ಮಾತು. ನಾಡಿ ಹಿಡಿದ ಕ್ಷಣವೇ "ವಾಸಿ ಮಾಡ್ತೀನಿ" ಅನ್ನೋರಿಗೂ ಹೀಗೆ ಮೊದಲು ಅನುಮಾನ ಪರಿಹರಿಸಿಕೊಳ್ಳೋರಿಗೂ ಇರೋ ವ್ಯತ್ಯಾಸ ಅಲ್ಲಿ ಕಂಡೆ.

ನಾನು ತಪ್ಪೊಪ್ಪಿಕೊಂಡು ಎಲ್ಲ ಹೇಳಿದೆ. ಅವರು ಬೈಯಲಿಲ್ಲ. "ನಿಮ್ಮ ಕೆಲಸ ಏನು?" ಅಂದರು. ಮೋಟಾರು ವೈಂಡಿಂಗ್ ಅಂದೆ. "ಮೋಟಾರು ಓಡ್ತಿಲ್ಲ ಅಂತ ತಂದ್ರೆ ಏನು ಮಾಡ್ತೀರಿ?" ಅಂತ ಕೇಳಿದರು. ಮೊದಲು ಲೈನಲ್ಲಿ ವೋಲ್ಟೇಜ್ ಇತ್ತಾ ಅಂತ ವಿಚಾರಿಸ್ತೀನಿ ಅಂದೆ. ಹೇಳಿದವನಿಗೇ ಆ ಮಾತು ತಟ್ಟಿತು.

ನಮ್ಮ ಕಡೆ ಬೇಸಿಗೆಯಲ್ಲಿ ವೋಲ್ಟೇಜ್ ಬಿದ್ದುಹೋಗುತ್ತೆ, ಮೋಟಾರು ಮುಲುಗುಟ್ಟುತ್ತೆ, ತಿರುಗೋದಿಲ್ಲ. ರೈತ ಸ್ಟಾರ್ಟರಿಗೆ ಗುದ್ದುತ್ತಾನೆ, ಫ್ಯೂಸು ಕಿತ್ತು ಹಾಕುತ್ತಾನೆ, ಕೆಪಾಸಿಟರ್ ಬದಲಿಸುತ್ತಾನೆ. ಅಷ್ಟರಲ್ಲಿ ವೋಲ್ಟೇಜ್ ಏರುತ್ತೆ, ಮೋಟಾರು ಓಡುತ್ತೆ. ಆ ಹೊತ್ತಿಗೆ ಯಾರ ಕೈ ಮೋಟಾರಿನ ಮೇಲಿತ್ತೋ ಅವನೇ ಆ ಊರಿಗೆ ಮೆಕ್ಯಾನಿಕ್. ಇಂಥ ಮೆಕ್ಯಾನಿಕ್‌ಗಳನ್ನ ಎಷ್ಟು ಜನರನ್ನ ನೋಡಿ ನಕ್ಕಿದೀನೋ. ತಂಗಿಯ ವಿಷಯದಲ್ಲಿ ನಾನೇ ಸ್ಟಾರ್ಟರಿಗೆ ಗುದ್ದಿದವನಾದೆ.

ಹಾಗಾದರೆ ನಿಜವಾದ ಮದ್ದು ಯಾವುದು ಅಂತ ತಿಳಿಯೋದು ಹೇಗೆ? ಒಂದೇ ಲೈನಿಗೆ ಸೇರಿದ ನೂರು ಮೋಟಾರು ತಗೊಂಡು, ಚೀಟಿ ಎತ್ತಿ ಐವತ್ತಕ್ಕೆ ರಿಪೇರಿ ಮಾಡಿ, ಉಳಿದ ಐವತ್ತಕ್ಕೆ ರಿಪೇರಿ ಮಾಡಿದ ಹಾಗೆ ಮಾಡಿ ಬಿಡಬೇಕು. ಆಮೇಲೆ ಎಣಿಸಬೇಕು. ವೋಲ್ಟೇಜಿನ ಏರಿಳಿತ ಎರಡು ಗುಂಪಿಗೂ ಒಂದೇ, ಆದ್ದರಿಂದ ವ್ಯತ್ಯಾಸ ಕಂಡರೆ ಅದು ರಿಪೇರಿಯದ್ದು. ಮದ್ದುಗಳ ಪರೀಕ್ಷೆಯೂ ಇದೇ ಲೆಕ್ಕ. ನಮ್ಮ ವಾಚನಾಲಯಕ್ಕೆ ಬರೋ ವಿಜ್ಞಾನದ ಮೇಷ್ಟ್ರು ನನ್ನ ಜೊತೆ ಎಷ್ಟೋ ಸಂಜೆ ಕೂತು ಇಂಥ ಪರೀಕ್ಷೆಗಳ ವಿವರ ಓದಿ ಹೇಳಿದರು. ಕೆಲವನ್ನ ಇಲ್ಲಿ ಬರೀತೀನಿ.

ಮೊದಲು ತಂಗಿಯ ಇಂಜೆಕ್ಷನ್ನಿನ ಜಾತಿಯದು. ಅಮೆರಿಕ, ಕೆನಡಾಗಳ 372 ರೋಗಿಗಳ ಮೇಲೆ ನಡೆದ ಪರೀಕ್ಷೆ, ಫಲ ಬಂದದ್ದು 1993ರಲ್ಲಿ. ಮದ್ದಿಲ್ಲದ ಇಂಜೆಕ್ಷನ್ ತಗೊಂಡ ಗುಂಪಿನಲ್ಲಿ ನೂರು ಜನಕ್ಕೆ ವರ್ಷಕ್ಕೆ 127 ದಾಳಿ, ಪೂರ್ತಿ ಪ್ರಮಾಣದ ಮದ್ದು ತಗೊಂಡವರಲ್ಲಿ 84. ವಾಸಿ ಅಲ್ಲ, ಮಾಯ ಅಲ್ಲ, ಮೂರರಲ್ಲಿ ಒಂದು ದಾಳಿ ತಪ್ಪಿತು. ಒಬ್ಬಳೇ ತಂಗಿಯನ್ನ ನೋಡಿಕೊಂಡು ಕೂತವನಿಗೆ ಈ ವ್ಯತ್ಯಾಸ ಎಂದೂ ಕಾಣೋದಿಲ್ಲ. ನೂರಾರು ಜನರನ್ನ ಪಕ್ಕಪಕ್ಕ ಇಟ್ಟರೇ ಕಾಣೋದು. ಆಮೇಲೆ ಇದಕ್ಕಿಂತ ಜೋರಾದ ಮದ್ದುಗಳೂ ಬಂದಿವೆ.

ಜೇನುನೊಣ ಚುಚ್ಚಿಸೋದನ್ನೂ ನಕ್ಕು ತಳ್ಳಿಹಾಕಿಲ್ಲ, ಪರೀಕ್ಷೆ ಮಾಡಿದ್ದಾರೆ. ನೆದರ್ಲೆಂಡ್ಸ್‌ನಲ್ಲಿ 26 ರೋಗಿಗಳು ವಾರಕ್ಕೆ ಮೂರು ದಿನ, ದಿನಕ್ಕೆ ಇಪ್ಪತ್ತು ನೊಣದವರೆಗೂ ಚುಚ್ಚಿಸಿಕೊಂಡರು. 24 ವಾರ ನೊಣದ ಜೊತೆ, 24 ವಾರ ನೊಣವಿಲ್ಲದೆ. 2005ರಲ್ಲಿ ಬಂದ ಫಲ: ಸ್ಕ್ಯಾನಿನ ಚುಕ್ಕೆಯೂ ಕಡಿಮೆಯಾಗಲಿಲ್ಲ, ಸುಸ್ತೂ ಕಡಿಮೆಯಾಗಲಿಲ್ಲ. ಓದಿದ ದಿನ ತಂಗಿ "ಪಾಪ, ಅಷ್ಟು ಚುಚ್ಚಿಸಿಕೊಂಡ್ರಲ್ಲ" ಅಂದ್ಲು.

ಇನ್ನೊಂದು ಕತೆ ಇಟಲಿಯದು. ಫೆರಾರಾ ಊರಿನ ಪಾವ್ಲೊ ಜಂಬೋನಿ ಅನ್ನೋ ಶಸ್ತ್ರವೈದ್ಯನ ಹೆಂಡತಿಗೇ ಈ ಕಾಯಿಲೆ. ಕತ್ತಿನ ರಕ್ತನಾಳ ಕಿರಿದಾಗಿ ಮೆದುಳಿನಿಂದ ರಕ್ತ ಇಳಿಯದಿರೋದೇ ಕಾರಣ, ಬಲೂನು ಹಾಕಿ ಹಿಗ್ಗಿಸಿದರೆ ಗುಣ ಅಂತ 2009ರಲ್ಲಿ ಪ್ರಕಟಿಸಿದ. ಲೋಕವೆಲ್ಲ ಎದ್ದು ನಿಂತಿತು. ಕೆನಡಾದ ರೋಗಿಗಳು ಮನೆ ಅಡವಿಟ್ಟು ದೂರದೂರದ ದೇಶಗಳಿಗೆ ಹೋಗಿ ಮಾಡಿಸಿಕೊಂಡರು, ನಮ್ಮ ಭಾರತಕ್ಕೂ ಬಂದರು. ಎಷ್ಟೋ ಜನ ನಡೆದೆ, ಓಡಿದೆ ಅಂದರು. ಕೆನಡಾದಲ್ಲಿ 104 ಜನರ ಮೇಲೆ ಪರೀಕ್ಷೆ ಮಾಡಿದಾಗ, ನಿಜವಾಗಿ ಬಲೂನು ಹಾಕಿದವರಿಗೂ ಹಾಕಿದಂತೆ ಮಾಡಿದವರಿಗೂ ವ್ಯತ್ಯಾಸವೇ ಇರಲಿಲ್ಲ. 2017ರಲ್ಲಿ ಜಂಬೋನಿಯ ತಂಡದ ಪರೀಕ್ಷೆಯೂ ಅದನ್ನೇ ಹೇಳಿತು. ಆ ಫಲವನ್ನ ಆತ ಬಚ್ಚಿಡದೆ ಪ್ರಕಟಿಸಿದ. ಹೆಂಡತಿಯ ಮೇಲಿನ ಪ್ರೀತಿಯಿಂದ ಹೊರಟವನು ತನ್ನ ತಪ್ಪನ್ನ ತಾನೇ ಬರೆದು ಹಾಕಿದ್ದು ನೋಡಿ, ನಾನೂ ಬರೆಯಬಹುದು ಅಂತ ಧೈರ್ಯ ಬಂತು.

ಪರೀಕ್ಷೆಯಲ್ಲಿ ಗೆದ್ದ ಹಳೆಯ ದಾರಿಗಳೂ ಇವೆ. ಅಮೆರಿಕದ ಆರಿಗನ್‌ನಲ್ಲಿ 69 ರೋಗಿಗಳನ್ನ ಮೂರು ಗುಂಪು ಮಾಡಿ ಆರು ತಿಂಗಳು ಒಂದಕ್ಕೆ ಯೋಗ, ಒಂದಕ್ಕೆ ಸೈಕಲ್ ವ್ಯಾಯಾಮ, ಒಂದಕ್ಕೆ ಏನೂ ಇಲ್ಲ. 2004ರ ಫಲ: ಯೋಗದವರಿಗೂ ವ್ಯಾಯಾಮದವರಿಗೂ ಸುಸ್ತು ಕಡಿಮೆಯಾಯ್ತು. ಗಮನ, ಚುರುಕಿನ ಪರೀಕ್ಷೆಯಲ್ಲಿ ಮಾತ್ರ ಲಾಭ ಕಾಣಲಿಲ್ಲ. ಅಲ್ಲಿ ಕಲಿಸಿದ್ದು ಅಯ್ಯಂಗಾರ್ ಯೋಗ. ಕೋಲಾರ ಜಿಲ್ಲೆಯ ಬೆಳ್ಳೂರಲ್ಲಿ 1918ರಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಅವರ ಯೋಗ. ಸುಸ್ತು ಅಂದರೆ ಈ ಕಾಯಿಲೆಯವರಿಗೆ ಸಣ್ಣ ಮಾತಲ್ಲ. ಮಧ್ಯಾಹ್ನದ ಹೊತ್ತಿಗೆ ತಂಗಿಗೆ ಚೊಂಬು ಎತ್ತಲಾಗುತ್ತಿರಲಿಲ್ಲ.

ಗಿಡಮೂಲಿಕೆಯೂ ಹಾಗೇ. ಚೀನಾದ ಹಳೇ ವೈದ್ಯದಲ್ಲಿ ಹುಳುವಿನ ಮೇಲೆ ಬೆಳೆಯೋ ಬೂಷ್ಟುಗಳನ್ನ ಮದ್ದಾಗಿ ಬಳಸುತ್ತಿದ್ದರು. ಅದೇ ಬಳಗದ ಬೂಷ್ಟೊಂದರಲ್ಲಿ ಸಿಕ್ಕ ವಸ್ತುವನ್ನ ತಿದ್ದಿ ಫಿಂಗೋಲಿಮಾಡ್ ಅನ್ನೋ ಮಾತ್ರೆ ಮಾಡಿದರು. 2010ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು, ಈ ಕಾಯಿಲೆ ತಡೆಯೋಕೆ ಅಲ್ಲಿ ಒಪ್ಪಿದ ಮೊದಲ ನುಂಗೋ ಮದ್ದು ಅದೇ. ಅದು ಮೊದಲ ಸಲ ನುಂಗಿದಾಗ ಎದೆಬಡಿತ ನಿಧಾನ ಮಾಡಬಹುದು, ಅದಕ್ಕೆ ಆರು ಗಂಟೆ ಆಸ್ಪತ್ರೆಯಲ್ಲೇ ಕೂರಿಸಿ ನೋಡ್ತಾರೆ. ಹಳೇ ವೈದ್ಯದಿಂದ ಬಂತು ಅಂತ ಬಿಡಲೂ ಇಲ್ಲ, ಕಣ್ಣು ಮುಚ್ಚಿ ಒಪ್ಪಲೂ ಇಲ್ಲ. ಒಳಗೇನಿದೆ ನೋಡಿದರು, ಅಪಾಯ ಏನು ಅಂತ ಬರೆದರು.

ನನ್ನ ಬೂದು ಪುಡಿಯ ವಿಷಯದಲ್ಲಿ ಇದ್ಯಾವುದೂ ಇರಲಿಲ್ಲ. 2004ರಲ್ಲಿ ಅಮೆರಿಕದ ಬಾಸ್ಟನ್ ಸುತ್ತಲಿನ ಅಂಗಡಿಗಳಲ್ಲಿ ಮಾರುತ್ತಿದ್ದ, ನಮ್ಮ ಕಡೆಯ ದೇಶಗಳಲ್ಲಿ ತಯಾರಾದ 70 ಆಯುರ್ವೇದ ಮದ್ದುಗಳನ್ನ ತಂದು ನೋಡಿದರೆ 14ರಲ್ಲಿ ಸೀಸ, ಪಾದರಸ, ಆರ್ಸೆನಿಕ್ ಇವುಗಳಲ್ಲಿ ಒಂದಾದರೂ ಇತ್ತು. ಐದಕ್ಕೆ ಒಂದು. ಇವೆಲ್ಲ ನರವನ್ನೇ ಕೆಡಿಸೋ ವಿಷ. ನರದ ಕಾಯಿಲೆಯವಳಿಗೆ ಒಳಗೇನಿದೆ ಅಂತ ಕೇಳದೆ ಐದು ತಿಂಗಳು ಪುಡಿ ತಿನ್ನಿಸಿದೀನಿ.

ಹಾಗಂತ ನಾನು ಸಿದ್ಧವೈದ್ಯದ ವೈರಿಯಲ್ಲ. ಈಚೆಗೆ ಸರ್ಕಾರಿ ಆಸ್ಪತ್ರೆಯ ಸಿದ್ಧ ವಿಭಾಗದ ಡಾಕ್ಟರೊಬ್ಬರಿಗೆ ತಂಗಿಯ ಫೈಲು ತೋರಿಸಿದೆ. ಪೂರ್ತಿ ಓದಿ, "ಆ ಮಾತ್ರೆ ಯಾವತ್ತೂ ನಿಲ್ಲಿಸಬೇಡಿ. ಕಾಲು ಬಿಗಿಯೋದಕ್ಕೆ ಹಚ್ಚೋಕೆ ಎಣ್ಣೆ ಕೊಡ್ತೀನಿ, ಹಬೆ ಬೇಡ" ಅಂದರು. ಅವರ ಮೇಲೆ ನನಗೆ ಗೌರವ ಬಂದದ್ದು ಎಣ್ಣೆಗಿಂತ ಆ ಮೊದಲ ಮಾತಿಗೆ.

ಈಗ ಯಾರಾದರೂ ಹೊಸ ಮದ್ದು ಹೇಳಿದರೆ ನಾವಿಬ್ಬರೂ ನಾಲ್ಕು ಪ್ರಶ್ನೆ ಕೇಳ್ತೀವಿ. ಇದು ತಾನೇ ಇಳಿಯೋ ಹೊತ್ತಲ್ಲಿ ಕೊಟ್ಟದ್ದಾ? ಕೊಡದೆ ಇದ್ದವರ ಜೊತೆ ಹೋಲಿಸಿ ನೋಡಿದ್ದಾರಾ, ಅಥವಾ ಒಬ್ಬರು ಇಬ್ಬರು ಗುಣವಾದ ಕತೆ ಮಾತ್ರವಾ? ಒಳಗೇನಿದೆ ಅಂತ ಹೇಳ್ತಾರಾ? ಇದಕ್ಕಾಗಿ ಯಾವುದನ್ನ ನಿಲ್ಲಿಸು ಅಂತಾರೆ? ಕೊನೆಯ ಪ್ರಶ್ನೆಗೆ "ಆಸ್ಪತ್ರೆಯ ಮದ್ದು ನಿಲ್ಲಿಸಿ" ಅನ್ನೋ ಉತ್ತರ ಬಂದರೆ ಅಲ್ಲಿಗೇ ಎದ್ದು ಬರ್ತೀವಿ. ನಮ್ಮ ಅವ್ವನ ಹೊನಗೊನ್ನೆಯಾಗಲಿ ಪಳನಿಯ ಮುರುಗನಾಗಲಿ ಯಾವತ್ತೂ ಮಾತ್ರೆ ನಿಲ್ಲಿಸು ಅನ್ನಲಿಲ್ಲ. ಆದ್ದರಿಂದ ಎರಡೂ ಮನೆಯಲ್ಲಿ ಇನ್ನೂ ಇವೆ.

ಮೇಷ್ಟ್ರುಗಳು ಓದುತ್ತಿದ್ದರೆ ಅವರಿಗೆ ಎರಡು ಮಾತು. ಲಕ್ವ, ನರಮಂಡಲದ ಕಾಯಿಲೆಗಳನ್ನ ವಾಸಿ ಮಾಡ್ತೀವಿ ಅಂತ ಜಾಹೀರಾತು ಹಾಕೋದಕ್ಕೆ 1954ರ ಕಾನೂನಿನಲ್ಲೇ ತಡೆ ಇದೆ. ಗೋಡೆಯ ಮೇಲೆ ಬರೆದದ್ದು ಕಂಡರೆ ಮಕ್ಕಳಿಗೆ ಅದನ್ನ ಹೇಳಿ. ಇನ್ನೊಂದು, ಅಂಗವಿಕಲರ ಹಕ್ಕಿನ 2016ರ ಕಾಯ್ದೆಯಲ್ಲಿ ಹೆಸರಿಸಿದ 21 ಬಗೆಗಳಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ಸೂ ಒಂದು. ಇಂಥವರು ಯಾರಾದರೂ ಇದ್ದರೆ ಗುರುತಿನ ಚೀಟಿಗೆ ಅರ್ಜಿ ಹಾಕಿಸಿ. ತಂಗಿಗೆ ಆರು ವರ್ಷ ಇದು ಗೊತ್ತೇ ಇರಲಿಲ್ಲ.

ತಂಗಿ ಈಗ ನಮ್ಮ ದೇಶದಲ್ಲೇ ತಯಾರಾಗೋ ಮಾತ್ರೆ ತಗೊಳ್ತಾಳೆ, ಇಂಜೆಕ್ಷನ್ನಿನಷ್ಟು ಖರ್ಚಿಲ್ಲ. ಬಿಸಿಲೇರೋ ಮುಂಚೆ ಜಗಲಿಯಲ್ಲಿ ಕುರ್ಚಿ ಹಿಡಿದುಕೊಂಡು ಯೋಗ ಮಾಡ್ತಾಳೆ. ಮಿಲ್ಲಿಗೆ ಹೋಗಲಾಗಲಿಲ್ಲ, ನನ್ನ ಅಂಗಡಿಯ ಲೆಕ್ಕ ಅವಳೇ ಬರೀತಾಳೆ. ಬಂದ ಗಿರಾಕಿಗಳು ಅವಳ ಕಾಲು ನೋಡಿ ಏನಮ್ಮ ಅಂತ ಕೇಳ್ತಾರೆ, ಯಾವುದೋ ಊರಿನ ಯಾವುದೋ ವೈದ್ಯರ ಹೆಸರು ಹೇಳ್ತಾರೆ. ಅವಳು ತಾಳ್ಮೆಯಿಂದ ಪೂರ್ತಿ ಕೇಳಿಸಿಕೊಳ್ತಾಳೆ. ಆಮೇಲೆ, "ಸರಿ ಅಣ್ಣ. ಅವ್ರು ನನ್ನ ಮಾತ್ರೆ ನಿಲ್ಸು ಅಂತಾರಾ, ಮೊದ್ಲು ಕೇಳ್ಕೊಂಡು ಬನ್ನಿ" ಅಂತ ಹೇಳಿ ಬಿಲ್ಲು ಹರಿದುಕೊಡ್ತಾಳೆ.